ಗೋಡೆಗೂ ಬೀರುವಿಗೂ ನಡುವೆ

"‘ಬಿಟ್ವೀನ್’ ಪದ ಏನ್ ಮಹಾ! ಒಂದೇ ಸಂಜೆಯಲ್ಲಿ ಮುಗಿಸಿಬಿಡ್ತೀನಿ, ಅದೂ ಒಬ್ಬನೇ!" ಎಂದು ಕಚೇರಿಯಲ್ಲಿ ಎದೆ ತಟ್ಟಿಕೊಂಡು ಬಂದಿದ್ದ ನಿಘಂಟಣ್ಣ.

ಇದು ಬೀದಿಯವರು ಇಟ್ಟ ಹೆಸರು. ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಅವನಿಗೆ ಕೆಲಸ. ಹನ್ನೊಂದು ವರ್ಷಗಳ ಭಗೀರಥ ಪ್ರಯತ್ನದ ಫಲವಾಗಿ ಆ ನಿಘಂಟು ‘ಬಿ’ ಅಕ್ಷರಕ್ಕೆ ಬಂದು ತಲುಪಿತ್ತು! ಅಲ್ಲಿನ ಸಂಪಾದಕರದು ಒಂದೇ ಹಠ: ಉದಾಹರಣೆ ವಾಕ್ಯವನ್ನು ತಲೆಯಲ್ಲಿ ಹೊಸೆಯಬಾರದು, ಕಣ್ಣೆದುರು ನಡೆದದ್ದನ್ನೇ ಬರೆಯಬೇಕು. ನಿಘಂಟಣ್ಣನಿಗೆ ಅದೇನೂ ಕಷ್ಟವಾಗಿರಲಿಲ್ಲ. ಪದದ ಅರ್ಥ ಹೇಳಿದರೆ ಸಾಕು, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಲೇ ಹೆಂಡತಿ ತಾನು ಕಂಡದ್ದರಿಂದಲೇ ಹತ್ತು ವಾಕ್ಯ ಎಸೆಯುತ್ತಿದ್ದಳು. ‘ಎ’ ಅಕ್ಷರ ಪೂರ್ತಿ ಅವಳದೇ, ಹೆಸರು ಮಾತ್ರ ಇವನದು.

ಅಕ್ಕನ ಮಂಡಿ ಆಪರೇಷನ್ನಿಗೆಂದು ಅವಳು ಹತ್ತು ದಿನಕ್ಕೆ ಹೊರಟಾಗ ಇವನು ಗತ್ತಿನಿಂದ ಹೇಳಿದ್ದ: "ಅವಸರ ಏನಿಲ್ಲ, ನಿಧಾನವಾಗಿ ಬಾ. ನೀನಿಲ್ದಿದ್ರೆ ಮನೆ ಏನ್ ನಿಂತುಹೋಗತ್ತಾ?"

ಇವತ್ತಿಗೆ ಮೂವತ್ತೊಂದು ದಿನ! ದಿನಾ ಸಂಜೆ ಆರಕ್ಕೆ ಅವಳ ಫೋನು.

"ಊಟ ಆಗ್ತಿದೆಯಾ?"

"ಭರ್ಜರಿಯಾಗಿ."

"ಬರ್ಲಾ?"

"ನಿನ್ನಿಷ್ಟ."

‘ಬಾ’ ಎನ್ನುವ ಮಾತು ಗಂಟಲವರೆಗೆ ಬಂದು ವಾಪಸ್ ಹೋಗುತ್ತಿತ್ತು. ಫೋನ್ ಇಟ್ಟ ಮೇಲೆ ಅರ್ಧ ಗಂಟೆ ತನ್ನನ್ನು ತಾನೇ ಬೈದುಕೊಳ್ಳುವುದು ಅವನ ನಿತ್ಯಕರ್ಮವಾಗಿತ್ತು.

ಆ ಸಂಜೆ ಪದದ ಅರ್ಥ ಬರೆಯುವ ಕಾರ್ಡು ಹಿಡಿದು ಕೂತ. "ಬಿಟ್ವೀನ್: ಹಳೆಯ ಇಂಗ್ಲಿಷಿನಲ್ಲಿ ‘ಎರಡರ ಬಳಿ’ ಎಂಬ ಮಾತಿನಿಂದ ಹುಟ್ಟಿದ್ದು. ಎರಡು ಜಾಗಗಳ ನಡುವೆ, ಎರಡು ಗಳಿಗೆಗಳ ನಡುವೆ, ಗುಟ್ಟಾದರೆ ನಮ್ಮಿಬ್ಬರ ನಡುವೆ. ಒಟ್ಟಿನಲ್ಲಿ, ಒಂಟಿಯಾಗಿ ಈ ಪದಕ್ಕೆ ಗತಿಯಿಲ್ಲ" ಎಂದು ಬರೆದು ತಲೆಯೆತ್ತಿದ. ಮೇಜಿನ ಮೇಲೆ ಒಂದು ತಟ್ಟೆ, ಒಂದು ಲೋಟ. ಮಂಚದ ಮೇಲೆ ಒಂದು ದಿಂಬು. ಅವಳು ಬೇಕೆನಿಸಿತು, ಬಹಳ ಬೇಕೆನಿಸಿತು.

ಆದರೆ ಸಂಪಾದಕರಿಗೆ ವಾಕ್ಯ ಬೇಕಲ್ಲ! ಕನ್ನಡಿಯ ಮುಂದೆ ಅವಳು ಮರೆತುಹೋದ ಬಾಚಣಿಗೆ ಕಾಣಿಸಿತು. ‘ಬಾಚಣಿಗೆ ಗೋಡೆಗೂ ಬೀರುವಿಗೂ ನಡುವೆ ಬಿತ್ತು.’ ಆಹಾ, ಎಂಥ ವಾಕ್ಯ! ನಿಯಮದ ಪ್ರಕಾರ ಅದು ಬೀಳಲೇಬೇಕು. ಬೀಳಿಸಿದ. ಬಿದ್ದ ಮೇಲೆ ನೆನಪಾಯಿತು: ಅದರ ಹಲ್ಲಿನಲ್ಲಿ ಅವಳದೊಂದು ಕೂದಲಿತ್ತು. ಒಂದು ತಿಂಗಳಿಂದ ಅದನ್ನು ತೆಗೆದುಹಾಕಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

ಕೈ ಹಾಕಿದ, ಎಟುಕಲಿಲ್ಲ. ಪೊರಕೆ ಹಾಕಿದ, ಬಾಚಣಿಗೆ ಇನ್ನಷ್ಟು ಒಳಗೆ ಹೋಯಿತು. ಬೀರುವನ್ನು ಮಂಚಕ್ಕೆ ತಾಗುವವರೆಗೆ ಎಳೆದು, ಉಸಿರು ಬಿಗಿಹಿಡಿದು, ಅಡ್ಡಡ್ಡವಾಗಿ ನುಗ್ಗಿದ. ಸಿಕ್ಕಿತು! ದಿಗ್ವಿಜಯದ ಸಂತೋಷದಲ್ಲಿ ಉಸಿರು ಬಿಟ್ಟ. ಹೊಟ್ಟೆ ಸ್ವಸ್ಥಾನಕ್ಕೆ ಮರಳಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ! ಬೀರುವನ್ನು ತಳ್ಳೋಣವೆಂದರೆ ಮಂಚ ಅಡ್ಡ, ಹೊಟ್ಟೆ ಎಳೆದುಕೊಳ್ಳೋಣವೆಂದರೆ ಏದುಸಿರು.

ಆರು ಗಂಟೆ. ಮೇಜಿನ ಮೇಲೆ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. "ಬಂದೆ, ಬಂದೆ!" ಎಂದು ಅವನು ಗೋಡೆಗೆ ಹೇಳುತ್ತಲೇ ಇದ್ದ.

ಕಾಲು ಗಂಟೆಯಲ್ಲಿ ಬಾಗಿಲು ತೆರೆಯಿತು. ಹೆಂಡತಿ ಗಾಬರಿಯಿಂದ ಕೆಳಗಿನ ಮನೆಯ ಟೈಲರಮ್ಮನಿಗೆ ಫೋನ್ ಮಾಡಿದ್ದಳು. ಟೈಲರಮ್ಮನ ಹತ್ತಿರ ಈ ಮನೆಯ ಇನ್ನೊಂದು ಬೀಗದಕೈ ಇತ್ತು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಫೋನು.

"ಅಕ್ಕಾ, ಇದ್ದಾರೆ! ಬೀರು ಹಿಂದೆ ಇದ್ದಾರೆ!"

"ಬೀರು ಹಿಂದೆ ಏನ್ ಮಾಡ್ತಿದ್ದಾರೆ?" ಸ್ಪೀಕರಿನಲ್ಲಿ ಹೆಂಡತಿಯ ದನಿ.

"ಗೊತ್ತಿಲ್ಲಕ್ಕಾ. ಕೈಯಲ್ಲಿ ಬಾಚಣಿಗೆ ಇದೆ."

"ಬಾಚಣಿಗೆನಾ! ಅವರಿಗೆ ಕೂದಲೆಲ್ಲಿದೆ?"

ಟೈಲರಮ್ಮ ಫೋನನ್ನು ಸಂದಿಯೊಳಗೆ ಚಾಚಿದಳು.

"ರೀ, ಏನ್ರೀ ಇದು?"

"ಕೆಲಸದಲ್ಲಿದ್ದೀನಿ," ಎಂದ ವಿದ್ವಾಂಸ, ಗಾಂಭೀರ್ಯ ಬಿಡದೆ. "ಉದಾಹರಣೆ ಸಿಕ್ತು."

"ಬಾಚಣಿಗೆ ನಂದಾ?"

ಅವನ ಮೂಗು ಗೋಡೆಗೆ ಒತ್ತಿತ್ತು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಬರುತ್ತಿರಲಿಲ್ಲ.

"ಹೂಂ, ನಿಂದೇ. ಬಂದ್ಬಿಡೇ. ನೀನಿಲ್ದೆ ನನ್ ಕೈಲಿ ಆಗ್ತಿಲ್ಲ. ಒಂದು ವಾಕ್ಯ ಹುಟ್ತಿಲ್ಲ, ಒಂದು ತುತ್ತು ಇಳೀತಿಲ್ಲ."

ಟೈಲರಮ್ಮ ಅವನ ಹೊಟ್ಟೆಯನ್ನೊಮ್ಮೆ ನೋಡಿದಳು.

ಫೋನಿನಲ್ಲಿ ಮೂಗೊರೆಸಿಕೊಂಡ ಸದ್ದು.

"ಇಪ್ಪತ್ತೊಂದು ದಿನದಿಂದ ಬ್ಯಾಗ್ ತುಂಬಿಟ್ಕೊಂಡು ಕೂತಿದ್ದೀನಿ ಕಣ್ರೀ! ಈ ಒಂದು ಮಾತು ಬಾಯಿಂದ ಹೊರಡ್ಸೋಕೆ ಅಷ್ಟು ದೊಡ್ಡ ಬೀರು ಬೇಕಾಯ್ತಾ?"