ಚೊಚ್ಚಲ ಮೊಟ್ಟೆಯ ಕಳ್ಳ

ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದ ಗಡಿಯಾರದಣ್ಣನಿಗೆ ಕೋಳಿಗೂಡಿನ ಹುಲ್ಲಿನ ಮೇಲೆ ಒಂದು ಮೊಟ್ಟೆ ಕಂಡಿತು. ನಿಂಬೆಹಣ್ಣಿಗಿಂತ ತುಸು ದೊಡ್ಡದು, ಮುಟ್ಟಿದರೆ ಇನ್ನೂ ಬಿಸಿ. ಬಾಯಿತುಂಬ ನೊರೆಯಿದ್ದುದರಿಂದ ಕೂಗಲಾಗದೆ ಒಳಗೋಡಿ ಹೆಂಡತಿಯನ್ನು ಕೈಹಿಡಿದು ಎಳೆತಂದ. ಬಂದು ನೋಡಿದರೆ ಮೊಟ್ಟೆ ಇಲ್ಲ.

"ಎಲ್ರೀ?"

"ಇಲ್ಲೇ ಇತ್ತು ಕಣೇ."

"ನಿಮ್ಮ ಕೋಳಿ ಇಡೋ ಮೊಟ್ಟೆ ನಿಮ್ಮ ಕಣ್ಣಿಗೆ ಮಾತ್ರ ಕಾಣುತ್ತಾ? ಇಷ್ಟು ದಿನ ಒಂದು ಮೊಟ್ಟೇನೂ ಕಾಣದೆ ಕಾಳು ಹಾಕಿ ಹಾಕಿ ಸಾಕಾಯ್ತು ನನಗೆ. ಸಂಜೆ ತಮ್ಮ ಬರ್ತಿದಾನೆ. ಅಷ್ಟರೊಳಗೆ ಒಂದು ಮೊಟ್ಟೆ ತಂದು ನನ್ನ ಕೈಲಿಡಿ. ಇಲ್ಲಾಂದ್ರೆ ಮೂರನ್ನೂ ಚೀಲಕ್ಕೆ ಹಾಕಿ ಕಳಿಸ್ತೀನಿ. ಅವನ ಮನೇಲಿ ಪಾತ್ರೆ ದೊಡ್ಡದಿದೆ."

ಗಡಿಯಾರದಣ್ಣ ಗೂಡಿನ ಬಾಗಿಲಿಗೆ ಅಡ್ಡ ನಿಂತ. ಗಡಿಯಾರ ರಿಪೇರಿ ಮಾಡುವವನಾದ್ದರಿಂದ ಬೀದಿಯವರು ಅವನಿಗೆ ಇಟ್ಟ ಹೆಸರು ಅದು. ಕೋಳಿಗಳೆಂದರೆ ಒಂದು ಕರಿಯದು, ಒಂದು ಚುಕ್ಕೆಯದು, ಮೂರನೆಯದು ಕಂದು ಬಣ್ಣದ ದೊರೆಸಾನಿ. ಕರಿಯದು, ಚುಕ್ಕೆಯದು ಹೋದರೆ ಬೇಜಾರಾದೀತು, ಅಷ್ಟೆ. ದೊರೆಸಾನಿಯ ಮಾತೇ ಬೇರೆ. ಮರಿಯಾಗಿದ್ದಾಗ ಸಾಯುವಂತಾಗಿದ್ದವಳನ್ನು ಅವನು ರಿಪೇರಿ ಮೇಜಿನ ಬಲ್ಬಿನ ಕೆಳಗೆ ಮಲಗಿಸಿ ಬದುಕಿಸಿದ್ದ. ಈಗಲೂ ಅವನು ಕೂತನೆಂದರೆ ಅವಳು ಬಂದು ತೊಡೆ ಏರುತ್ತಿದ್ದಳು. ಸ್ವಂತ ಮಗಳಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ.

ಮೊಟ್ಟೆಗೆ ಕಾಲಿಲ್ಲ. ಅಂದಮೇಲೆ ಯಾರೋ ಕದ್ದಿರಬೇಕು. ಗಡಿಯಾರದಣ್ಣ ತನ್ನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಗೂಡಿನೊಳಗೆ ತಲೆ ತೂರಿಸಿದ. ಹುಲ್ಲು ಅಂಗೈಯಗಲ ಒದ್ದೆಯಾಗಿತ್ತು. ಬೇರೇನೂ ಸಿಗಲಿಲ್ಲ.

"ಏನು ಕಳೆದುಕೊಂಡ್ರಿ?" ಎಡಗಡೆ ಗೋಡೆಯ ಮೇಲೆ ನಿವೃತ್ತ ಮೇಷ್ಟ್ರ ತಲೆ ಮೂಡಿತು. ಬೀದಿಯಲ್ಲಿ ಅವರು ಮೂಗು ತೂರಿಸದ ವಿಷಯವಿರಲಿಲ್ಲ.

ಗಡಿಯಾರದಣ್ಣ ಹೇಳಿದ.

"ನಾನು ಯಾರ ಹೆಸರನ್ನೂ ಹೇಳೋಲ್ಲಪ್ಪ," ಅಂದರು ಮೇಷ್ಟ್ರು ದನಿ ತಗ್ಗಿಸಿ. "ಆದ್ರೆ ಬೆಳಿಗ್ಗೆ ಟೈಲರ್ ಈ ಕಡೆ ನೋಡ್ತಾ ನಿಂತಿದ್ದ. ಸುಮ್ಮನೆ ಯಾರಾದ್ರೂ ನಿಲ್ತಾರಾ?"

ಟೈಲರ್ ಬಲಗಡೆ ಮನೆಯವನು. ಎದುರು ಸಿಕ್ಕರೆ ತಪ್ಪದೆ ನಗುತ್ತಿದ್ದ. ಆ ನಗು ಇವತ್ತು ಗಡಿಯಾರದಣ್ಣನಿಗೆ ಬೇರೆಯಾಗಿಯೇ ಅರ್ಥವಾಯಿತು. ಇಷ್ಟು ದಿನ ಇವನು ನಕ್ಕದ್ದು ನನಗಲ್ಲ, ನನ್ನ ಕೋಳಿಗಳಿಗೆ.

ಅವನು ಹೋದಾಗ ಟೈಲರ್ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುತ್ತಿದ್ದ. ಬೆರಳ ತುದಿಯೆಲ್ಲ ಹಳದಿ. ಗಡಿಯಾರದಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡೇ ಅವನ ಕೈಹಿಡಿದ.

"ಇದೇನು ಬಣ್ಣ?"

"ಯಾಕಣ್ಣ, ಏನಾಯ್ತು?"

"ಬಾಯಿ ತೆಗಿ."

"ಬಾಯಿ ಯಾಕೆ?"

"ಮೊಟ್ಟೆ ತಿಂದವನ ಬಾಯಿ ವಾಸನೆ ಸುಳ್ಳು ಹೇಳೋಲ್ಲ. ತೆಗಿ ಬಾಯಿ."

ಗಿರಾಕಿ ಅಳತೆಗೆ ಚಾಚಿದ ತೋಳನ್ನು ಇಳಿಸದೆ ಇಬ್ಬರನ್ನೂ ನೋಡುತ್ತ ನಿಂತರು. ಟೈಲರ್ ಕಿವಿಯ ಹಿಂದಿನಿಂದ ಹಳದಿ ಸೀಮೆಸುಣ್ಣ ತೆಗೆದು, ಮೇಜಿನ ಮೇಲಿದ್ದ ಬಟ್ಟೆಗೆ ಒಂದು ಗೆರೆ ಎಳೆದು ತೋರಿಸಿದ. ಗಡಿಯಾರದಣ್ಣನ ಮುಖ ಇಂಗು ತಿಂದ ಮಂಗನಂತಾಯಿತು.

"ಗಿರಾಕಿ ಮುಂದೆ ನನ್ನ ಮಾನ ತೆಗೆದ್ರಿ," ಅಂದ ಟೈಲರ್. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. "ಸಂಜೆ ಮೇಷ್ಟ್ರನ್ನ ಕರ್ಕೊಂಡು ನಿಮ್ಮ ಮನೆಗೇ ಬರ್ತೀನಿ. ಕಳ್ಳ ಯಾರು ಅಂತ ಅಲ್ಲೇ ತೀರ್ಮಾನ ಆಗ್ಲಿ."

ಸಂಜೆಯೊಳಗೆ ಕಳ್ಳ ಸಿಗಲೇಬೇಕು. ಅಂಗಡಿ ಬಾಗಿಲು ತೆಗೆಯುವ ಯೋಚನೆ ಬಿಟ್ಟು, ಗಡಿಯಾರದಣ್ಣ ಹಿತ್ತಲ ನೀರಿನ ಡ್ರಮ್ಮಿನ ಹಿಂದೆ ಮುದುರಿ ಕೂತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಎದುರುಮನೆಯ ಬೆಕ್ಕು ಬಂದು ಹೋಯಿತು. ಮೇಷ್ಟ್ರ ತಲೆ ಎರಡು ಸಲ ಮೂಡಿ ಮುಳುಗಿತು. ಅವರ ಮೇಲೂ ಅನುಮಾನ ಹುಟ್ಟಿತು. ಹೆಂಡತಿ ಬಟ್ಟೆ ಒಣಹಾಕಲು ಬಂದಾಗ, ಇವಳೇ ಯಾಕಾಗಿರಬಾರದು ಅಂತಲೂ ಅನ್ನಿಸಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರಿಯ ಕೋಳಿ ಗೂಡಿನಿಂದ ಎದ್ದು ಊರಿಗೆಲ್ಲ ಕೇಳುವಂತೆ ಕೂಗಿತು. ಹುಲ್ಲಿನ ಮೇಲೆ ಮೊಟ್ಟೆ. ಗಡಿಯಾರದಣ್ಣ ಏಳಲು ನೋಡಿದರೆ ಎರಡೂ ಕಾಲು ಜೋಮು ಹಿಡಿದಿದ್ದವು. ಅಷ್ಟರಲ್ಲಿ ದೊರೆಸಾನಿ ನಿಧಾನಕ್ಕೆ ನಡೆದು ಬಂದಳು. ಕುಟುಕಿ ಒಡೆದಳು, ಕುಡಿದಳು, ಸಿಪ್ಪೆಯನ್ನೂ ಚೂರು ಬಿಡದೆ ತಿಂದಳು, ಕೊಕ್ಕನ್ನು ಹುಲ್ಲಿಗೆ ಒರೆಸಿಕೊಂಡಳು. ಆಮೇಲೆ ಅವನನ್ನು ಕಂಡು ಪ್ರೀತಿಯಿಂದ ಬಂದು ತೊಡೆ ಏರಿದಳು.

ಗಡಿಯಾರದಣ್ಣನಿಗೆ ಅಳು ಬಂತು. ಕೋಳಿ ಸಾಕಿದವರಿಗೆಲ್ಲ ಗೊತ್ತು, ಒಮ್ಮೆ ಮೊಟ್ಟೆಯ ರುಚಿ ಕಂಡ ಕೋಳಿ ಆ ಚಾಳಿ ಬಿಡುವುದಿಲ್ಲ. ಅಂಥದ್ದನ್ನು ಯಾರೂ ಒಂದು ದಿನವೂ ಉಳಿಸಿಕೊಳ್ಳುವುದಿಲ್ಲ. ನಿಜ ಹೇಳಿದರೆ ದೊರೆಸಾನಿ ಇವತ್ತೇ ಪಾತ್ರೆಗೆ. ಸುಮ್ಮನಿದ್ದರೆ ಮೂರೂ ಪಾತ್ರೆಗೆ.

ಸಂಜೆ ಹಿತ್ತಲಲ್ಲಿ ಎಲ್ಲರೂ ಸೇರಿದರು. ಟೈಲರ್ ಕೈಕಟ್ಟಿ ನಿಂತಿದ್ದ, ಮೇಷ್ಟ್ರು ಇದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದರು, ಹೆಂಡತಿಯ ತಮ್ಮ ಚೀಲ ಕೊಡವುತ್ತಿದ್ದ.

"ಮೊಟ್ಟೆ ತಿಂದದ್ದು ನಾನೇ," ಅಂದ ಗಡಿಯಾರದಣ್ಣ.

ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಹಸಿ ಮೊಟ್ಟೇನಾ?" ಅಂದಳು ಹೆಂಡತಿ.

"ಹೂಂ."

"ಸಿಪ್ಪೆ ಏನು ಮಾಡಿದ್ರಿ?"

"ಅದನ್ನೂ ತಿಂದೆ."

"ಮೈಯಲ್ಲಿ ಸುಣ್ಣದಂಶ ಕಮ್ಮಿಯಾದ್ರೆ ಹೀಗಾಗುತ್ತೆ," ಅಂದರು ಮೇಷ್ಟ್ರು ಗಂಭೀರವಾಗಿ.

ಭಾವಮೈದುನ ಚೀಲ ಮಡಿಸಿದ. "ಅಂದ್ರೆ ಕೋಳಿಗಳು ಮೊಟ್ಟೆ ಇಡ್ತಿವೆ ಅಂತಾಯ್ತು. ಇಡೋ ಕೋಳೀನ ಕೊಯ್ಯೋದು ಬೇಡ ಅಕ್ಕ." ಗಡಿಯಾರದಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಅದು ಸರಿ, ನನ್ನ ಮಾನದ ಕತೆ ಏನು?" ಅಂದ ಟೈಲರ್. "ಆ ಕಂದು ಕೋಳಿ ನನಗೆ ಕೊಡಿ. ನೋಡಿದ್ರೇ ಗೊತ್ತಾಗುತ್ತೆ, ಮೂರರಲ್ಲಿ ಚೆನ್ನಾಗಿ ಇಡೋದು ಅದೇ. ಈ ಅಣ್ಣನ ಕೈಗೆ ಸಿಕ್ಕಿದ್ರೆ ಅದರದ್ದು ಒಂದು ಮೊಟ್ಟೇನೂ ಉಳಿಯೋಲ್ಲ. ಅಕ್ಕ, ಬರೋದ್ರಲ್ಲಿ ಅರ್ಧ ನಿಮಗೇ ತಂದುಕೊಡ್ತೀನಿ."

ಅದೇ ನ್ಯಾಯ ಅಂದರು ಮೇಷ್ಟ್ರು. ಹೆಂಡತಿ ಅವರ ಮಾತು ಮುಗಿಯುವ ಮೊದಲೇ ಗೂಡಿನ ಬಾಗಿಲು ತೆಗೆದಿದ್ದಳು. ಗಡಿಯಾರದಣ್ಣ ಬೇಡ ಅನ್ನುವಂತಿರಲಿಲ್ಲ, ಅಂದರೆ ನಿಜ ಹೇಳಬೇಕಾಗುತ್ತಿತ್ತು. ಟೈಲರನ ಕಂಕುಳಲ್ಲಿ ಕೂತ ದೊರೆಸಾನಿ ಅವನನ್ನು ತಿರುಗಿ ತಿರುಗಿ ನೋಡುತ್ತ ಹೋದಳು.

ಮರುದಿನ ಬೆಳಿಗ್ಗೆ ಬಾಗಿಲು ಬಡಿಯುವ ಸದ್ದಾಯಿತು. ಟೈಲರ್ ನಿಂತಿದ್ದ, ಅವನ ಹಿಂದೆ, ಕೇಳಬೇಕೆ, ಮೇಷ್ಟ್ರು.

"ಕೋಳಿ ಕೂಗಿದ್ದು ನಾನೇ ಕೇಳಿದೆ ಅಣ್ಣ. ಓಡಿಹೋಗಿ ನೋಡಿದ್ರೆ ಮೊಟ್ಟೆ ಇಲ್ಲ, ಹುಲ್ಲು ಒದ್ದೆ. ಗೋಡೆ ಹಾರಿ ಬಂದಿದ್ರಾ?"

ಗಡಿಯಾರದಣ್ಣ ಆಳೆತ್ತರದ ಗೋಡೆಯನ್ನೊಮ್ಮೆ, ನೋಯುವ ಮೊಣಕಾಲನ್ನೊಮ್ಮೆ ನೋಡಿದ.

"ಹೂಂ," ಅಂದ. "ಹಾರಿದೆ."

"ನಾಳೇನೂ ಬರ್ತೀರಾ?"

"ಅದು ಮೊಟ್ಟೆ ಇಟ್ಟರೆ, ಬರಲೇಬೇಕಲ್ಲಪ್ಪ," ಅಂದ ಗಡಿಯಾರದಣ್ಣ.