ಮಾವನವರ ಸಕ್ಕರೆ ಇಳಿದಾಗ

ಕಾರಣ ತಿಳಿಯದ ಬೆವರನ್ನು ಕಂಡರೆ ನಮ್ಮ ಅಜ್ಜಂಪುರದಲ್ಲಿ ತಕ್ಷಣ ಒಂದು ಕತೆ ಹುಟ್ಟುತ್ತದೆ. ಎಂಬತ್ತರ ದಶಕದಲ್ಲಿ ನಮ್ಮ ಮಾವನವರು ಅಂಥ ಹಲವು ಕತೆಗಳಿಗೆ ಕಾರಣರಾದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸಿರಿಂಜ್ ಕುದಿಸಿ ಇನ್ಸುಲಿನ್ ಚುಚ್ಚುವುದು ಸೊಸೆಯಾದ ನನ್ನ ಕೆಲಸ. ಚುಚ್ಚಿದ ಮೇಲೆ ಊಟ ತಡವಾದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಆಗ ಸಿಹಿಯೇ ಔಷಧ. ಕೊಡದಿದ್ದರೆ ಪ್ರಾಣಕ್ಕೇ ಅಪಾಯ. ಕಡೂರಿನ ಡಾಕ್ಟರು ಇದನ್ನು ನನಗೆ ಸುಲಭವಾಗಿ ವಿವರಿಸಿದ್ದರು. ಇತರರಿಗೆ ವಿವರಿಸುವುದು ಅಷ್ಟು ಸುಲಭವಾಗಲಿಲ್ಲ.

ಬೀಗ

ಒಂದು ಬೆಳಿಗ್ಗೆ ರೊಟ್ಟಿ ತಡವಾಯಿತು. ಮಾವನವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿಲ್ಲ. ಸಕ್ಕರೆ ಡಬ್ಬಿಯಿದ್ದ ಬೀರುವಿಗೆ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ.

"ಕೊಡಿ ಅತ್ತೆ, ಬೇಗ!"

"ಕಾಲೇಜು ಓದಿದೋಳು, ಬುದ್ಧಿ ಬ್ಯಾಡ್ವೇನೇ? ಸಕ್ಕರೆ ವಿಷ ಅಂತ ಡಾಕ್ಟ್ರೇ ಹೇಳವ್ರೆ!"

ವಾದಿಸಲು ಸಮಯವಿರಲಿಲ್ಲ. "ಹಾಗಾದರೆ ಬೆಲ್ಲ?" ಎಂದೆ.

"ಬೆಲ್ಲಾನಾ? ಅದನ್ನ ಅವ್ರು ಬ್ಯಾಡ ಅಂದಿಲ್ವಲ್ಲ. ಧಾರಾಳವಾಗಿ ಕೊಡು."

ರೈಲು

ಬೀರೂರಿಗೆ ಹೊರಟಿದ್ದ ರೈಲು ಕ್ರಾಸಿಂಗಿಗೆಂದು ದಾರಿಯಲ್ಲೇ ನಿಂತಿತು. ಮಾವನವರು ತಲೆ ತೂಗುತ್ತಾ, ರೈಲು ಹಿಂದಕ್ಕೆ ಓಡುತ್ತಿದೆಯೆಂದು ಜಗಳ ತೆಗೆದರು. ಎದುರು ಕುಳಿತಿದ್ದ ಚೌಳಹಿರಿಯೂರಿನ ರೈತರೊಬ್ಬರು, "ಬೆಳಿಗ್ಗೇನೇ ಹಾಕ್ಕೊಂಡ್ ಬಂದವ್ರೆ" ಎಂದು ಮರುಗಿದರು. ನಾನು ಕಲ್ಲುಸಕ್ಕರೆ ತಿನ್ನಿಸಿದೆ. ಸ್ವಲ್ಪ ಹೊತ್ತಿನಲ್ಲಿ ಮಾವನವರು ನೆಟ್ಟಗೆ ಕುಳಿತು, ಅದೇ ರೈತರೊಡನೆ ಮಳೆಯ ವಿಚಾರ ಮಾತನಾಡತೊಡಗಿದರು.

ಇದು ಕುಡಿತವಲ್ಲವೆಂದು ಬೀರೂರು ಬರುವವರೆಗೂ ವಿವರಿಸಿದೆ. ರೈತರು ಪ್ರತಿ ಮಾತಿಗೂ ತಲೆಯಾಡಿಸಿ, ಇಳಿಯುವಾಗ ಮೆಲ್ಲಗೆ ಕೇಳಿದರು: "ಅದೆಲ್ಲ ಸರಿ ಕಣಮ್ಮ. ನಮ್ಮಣ್ಣ ದಿನಾ ಸಂಜೆ ಹಿಂಗೇ ಬತ್ತಾನೆ. ಅವ್ನಿಗೆ ಎಷ್ಟು ಚೂರು ಕೊಡ್ಲಿ?"

ಪಾದಪೂಜೆ

ತರೀಕೆರೆಯ ನೆಂಟರ ಗೃಹಪ್ರವೇಶ. ಸ್ವಾಮಿಗಳ ಪಾದಪೂಜೆ ಮುಗಿಯದೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಪೂಜೆ ಬೇಗ ಮುಗಿಯುತ್ತದೆಂದು ನಂಬಿ ಸೂಜಿ ಚುಚ್ಚಿದ್ದೆ. ಸ್ವಾಮಿಗಳು ಬಂದದ್ದೇ ಮಧ್ಯಾಹ್ನದ ಹೊತ್ತಿಗೆ. ಮಂತ್ರ ಸಾಗುತ್ತಿರುವಾಗ ಮುಂದಿನ ಸಾಲಿನಲ್ಲಿದ್ದ ಮಾವನವರ ಕಣ್ಣು ಒಂದೆಡೆ ನೆಟ್ಟಿತು, ಬೆವರು ಧಾರೆಯಾಗಿ ಇಳಿಯಿತು.

"ಭಕ್ತಿ ಅಂದ್ರೆ ಇದು ಕಣೇ!" ಎಂದು ಹಿಂದೆ ಯಾರೋ ಕೈಮುಗಿದರು.

ನನ್ನ ಕಲ್ಲುಸಕ್ಕರೆ ಬೀಗ ಹಾಕಿದ ಕೋಣೆಯ ಚೀಲದಲ್ಲಿತ್ತು. ಎದ್ದುಹೋಗಿ, ಸ್ವಾಮಿಗಳ ಮುಂದಿಟ್ಟಿದ್ದ ತಟ್ಟೆಯಿಂದಲೇ ಕಲ್ಲುಸಕ್ಕರೆ ತೆಗೆದು ಮಾವನವರ ಬಾಯಿಗಿಟ್ಟೆ. ಮಂತ್ರ ನಿಂತಿತು.

"ಏನಮ್ಮಾ ಇದು! ಪೂಜೆ ಮುಗಿಯೋಕೆ ಮುಂಚೇನೇ?" ಮನೆಯ ಯಜಮಾನರು ಗಾಬರಿಯಾದರು.

"ಸೂಜಿ ಆಗಿದೆ, ಊಟ ಆಗಿಲ್ಲ. ಇನ್ನೂ ತಡೆದರೆ ಪ್ರಜ್ಞೆ ತಪ್ಪುತ್ತಾರೆ" ಎಂದೆ. ಮಾವನವರು ಕಲ್ಲುಸಕ್ಕರೆಯನ್ನು ಕಟಕಟನೆ ಅಗಿಯುವ ಸದ್ದೊಂದೇ ಕೇಳುತ್ತಿತ್ತು.

ಸ್ವಾಮಿಗಳು ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಮೆಲುದನಿಯಲ್ಲಿ ಹೇಳಿದರು:

"ಆ ತಟ್ಟೆ ಇತ್ತ ತಳ್ಳು ತಾಯಿ. ನಮಗೂ ಸೂಜಿ ಆಗಿ ಬಹಳ ಹೊತ್ತಾಯಿತು."