ಎಷ್ಟು ಹೆಸರು ಕೊಟ್ಟರೂ ಹಿಡಿಯುವ ಫಂಕ್ಷನ್

ಹೊಟ್ಟೆಕಿಚ್ಚಿನಲ್ಲಿ ಕೂತು ಕೋಡ್ ಬರೆದಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಬಂದ್ಯೋಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಹಳೆಯ ಮಾಷ್ಟ್ರು. ಗಲ್ಫಿನ ನೆಂಟರು ನೋಡಲಿ ಎಂದು ಮದುವೆ ಕಾಗದವನ್ನು ವೆಬ್‌ಪೇಜಾಗಿ ಮಾಡಿಕೊಡುವ ಕೆಲಸವೂ ನಮ್ಮಲ್ಲಿತ್ತು. ಆ ವರ್ಷ ಹೊಸ ಟೀಚರ್ ಒಬ್ಬಳು ಬಂದಳು. ವೆಬ್ ವಿಭಾಗವನ್ನು ನಮ್ಮಿಬ್ಬರಲ್ಲಿ ಒಬ್ಬರಿಗೆ ಒಪ್ಪಿಸುತ್ತೇನೆಂದು ಯಜಮಾನರು ಹೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ.

೧. ಆರನೆಯವರು

ಕಾಗದದ ಕೆಳಗೆ ‘ಸುಖಾಗಮನವನ್ನು ಬಯಸುವವರು’ ಎಂಬ ಪಟ್ಟಿ ಇರುತ್ತದಲ್ಲ, ಅದಕ್ಕೆ ನಾನು ಜಾವಾಸ್ಕ್ರಿಪ್ಟಿನಲ್ಲಿ ಒಂದು ಫಂಕ್ಷನ್ ಬರೆದಿದ್ದೆ. ಹೆಸರು ಕೊಟ್ಟರೆ ಸಾಲಾಗಿ ಪುಟಕ್ಕೆ ಹಾಕುತ್ತದೆ. ಐದು ಹೆಸರಿಗೆ ಜಾಗ ಇಟ್ಟಿದ್ದೆ. ಮೀಂಜದ ಒಂದು ಮನೆಯವರು ಒಂಬತ್ತು ಕೊಟ್ಟರು. ಕೊನೆಯ ನಾಲ್ವರು ಮಾಯ. ಆರನೆಯವರು ಮದುಮಗಳ ಸೋದರಮಾವ. ಅವರು ಸೆಂಟರಿಗೇ ಬಂದು, ಹಾಗಾದರೆ ನನಗೂ ಒಂದು ಕಾಗದ ಕೊಡಿ, ನೆಂಟನ ಹಾಗೆ ಬಂದು ಉಂಡು ಹೋಗುತ್ತೇನೆ ಎಂದರು.

ಹೊಸ ಟೀಚರ್ ಎರಡೇ ಸಾಲು ಬದಲಿಸಿದಳು. ಫಂಕ್ಷನ್ನಿಗೆ ಕೊಟ್ಟದ್ದೆಲ್ಲ ‘ಆರ್ಗ್ಯುಮೆಂಟ್ಸ್’ ಎಂಬ ಪಟ್ಟಿಯಲ್ಲಿ ಇದ್ದೇ ಇರುತ್ತದಂತೆ, ಅದರ ಮೇಲೆ ಒಂದೊಂದನ್ನೇ ಎತ್ತಿಕೊಂಡು ಹೋಗುವ ಲೂಪ್ ಓಡಿಸಿದರೆ ಒಂಬತ್ತಾದರೂ ತೊಂಬತ್ತಾದರೂ ಬರುತ್ತದಂತೆ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ತಲೆಯಾಡಿಸಿದೆ.

೨. ಏಳನೆಯವರು

ಮುಂದಿನ ಕಾಗದಕ್ಕೆ ಅವಳನ್ನು ಕೇಳದೆ ನಾನೇ ಲೂಪ್ ಬರೆದೆ. ಎಣಿಕೆ ಸೊನ್ನೆಯಿಂದ ಶುರು ಎಂಬುದು ನೆನಪಿತ್ತು. ಹಾಗಾದರೆ ಒಂದು ಮೊದಲೇ ನಿಲ್ಲಬೇಕು ಎಂಬುದು ನೆನಪಾಗಲಿಲ್ಲ. ಆರು ಜನರ ಪಟ್ಟಿಯಲ್ಲಿ ಏಳನೆಯವರನ್ನು ಹುಡುಕಿ, ಯಾರೂ ಸಿಗದೆ, ಅದು ಇಂಗ್ಲಿಷಿನಲ್ಲಿ ‘ಅನ್‌ಡಿಫೈನ್ಡ್’ ಎಂದು ಹಾಕಿತು. ಮದುಮಗನ ದುಬೈಯ ಚಿಕ್ಕಪ್ಪ ಫೋನ್ ಮಾಡಿ, ಈ ಇಂಗ್ಲಿಷ್ ಹೆಸರಿನ ನೆಂಟರು ಯಾವತ್ತು ಇಳಿಯುತ್ತಾರೆ, ಮಂಗಳೂರಿಗೆ ಕಾರು ಕಳಿಸಬೇಕೇ ಎಂದು ಕೇಳಿದರಂತೆ.

೩. ಯಜಮಾನರ ಮಗಳ ಕಾಗದ

ಕೊನೆಗೆ ಯಜಮಾನರ ಮಗಳಿಗೇ ಮದುವೆ ಗೊತ್ತಾಯಿತು. ಇಬ್ಬರೂ ಒಂದೊಂದು ಪುಟ ಮಾಡಿಕೊಡಿ, ಚೆನ್ನಾಗಿ ಮಾಡಿದವರಿಗೆ ವಿಭಾಗ ಎಂದರು ಅವರು. ಅವಳ ಕೋಡಿನಲ್ಲಿ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು. ಅವಳಂತೆಯೇ ಬರೆದರೆ ನಕಲು ಎನ್ನುತ್ತಾರೆಂದು ನಾನು ಲೂಪನ್ನು ಕೊನೆಯಿಂದ ಮೊದಲಿಗೆ ಓಡಿಸಿದೆ. ಹೆಸರುಗಳೂ ಹಾಗೆಯೇ ತಿರುಗುತ್ತವೆ ಎಂದು ಹೊಳೆದದ್ದು ಪುಟ ತೆರೆದಾಗ, ಯಜಮಾನರ ಮನೆಯ ಚಾವಡಿಯಲ್ಲಿ, ಎಲ್ಲರ ಎದುರು.

ಯಜಮಾನರ ತಂದೆ ಕಟ್ಟಕಡೆಗೆ ಹೋಗಿದ್ದರು. ಗಂಡಸರೆಲ್ಲ ಮುಗಿದ ಮೇಲೆ ಬರೆಯುವ ರೂಢಿಯಂತೆ ಕೊನೆಯಲ್ಲಿ ಕೊಟ್ಟಿದ್ದ ಯಜಮಾನರ ತಾಯಿಯ ಹೆಸರು ಎಲ್ಲರಿಗಿಂತ ಮೇಲೆ.

“ಇದೆಂತ ಮಾಷ್ಟ್ರೇ?” ಎಂದರು ಯಜಮಾನರು. ವಿಭಾಗ ಕೈತಪ್ಪಿತು ಎಂದುಕೊಂಡೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಓದಿದರು. ಈ ಮನೆಯಲ್ಲಿ ಏಳು ಮದುವೆ ಆಯಿತು, ಏಳರಲ್ಲೂ ತನ್ನ ಹೆಸರು ಕಾಗದದ ಕಟ್ಟಕೆಳಗೆ, ಅಚ್ಚಿನವನ ವಿಳಾಸದ ಪಕ್ಕದಲ್ಲಿ ಎಂದು ಮಗನಿಗೆ ನೆನಪಿಸಿದರು. ಆಮೇಲೆ, “ಇದೇ ಇರಲಿ,” ಎಂದರು. ಆ ಮನೆಯಲ್ಲಿ ಅದಕ್ಕೆ ಅಪೀಲು ಇಲ್ಲ.

ವಿಭಾಗ ನನಗೆ ಬಂತು. ಮರುದಿನ ಹೊಸ ಟೀಚರ್ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮುಖ ಸಪ್ಪಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಪಾಯಸ ಉಂಡಷ್ಟು ಖುಷಿಯಾಯಿತು.

“ಅಜ್ಜಿಯನ್ನು ಮೊದಲು ಹಾಕ್ಬೇಕು ಅಂತ ನಿಮಗೆ ಹೇಗೆ ಹೊಳೆಯಿತು ಸಾರ್?”

“ಅನುಭವ,” ಎಂದೆ.